ಜೂನ್ ಒಂದರಂದು ಹುಟ್ಟಿದವರು

ಹದಿನಾಲ್ಕು ವರ್ಷಗಳಿಂದ ನನ್ನ ಜಾಲತಾಣದಲ್ಲಿ ದಿನಕ್ಕೊಂದು ಬರಹ ಹಾಕುತ್ತ ಬಂದಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಸಾಫ್ಟ್‌ವೇರ್ ಬಗ್ಗೆ ಒಂದಿಷ್ಟು, ಇಂಟರ್ನೆಟ್ ಬಗ್ಗೆ ಒಂದಿಷ್ಟು, ಕೊನೆಗೆ ಕೊಲ್ಹಾಪುರದ ಫುಟ್‌ಬಾಲ್. ನನ್ನ ಸಿಟ್ಟಿಗೆ ಮೂರೂ ಬೇಕಾದಷ್ಟು ಸೌದೆ ಒದಗಿಸುತ್ತವೆ. ನೆಟ್ಟಗೆ ನಡೆಯುತ್ತಿದ್ದ ಆ್ಯಪನ್ನು ಬದಲಿಸಿ, ಬೇಕಾದ ಗುಂಡಿಗಳನ್ನೆಲ್ಲ ಎಲ್ಲೋ ಅಡಗಿಸಿಟ್ಟು, ‘ಹೊಸ ಅನುಭವ’ ಎಂದು ಹಲ್ಲು ಕಿರಿಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಒಂದು ಸುದ್ದಿ ಓದಲು ಏಳು ಜಾಹೀರಾತುಗಳ ಬಾಯಿ ಮುಚ್ಚಿಸಬೇಕಾದ ತಾಣಗಳನ್ನು ಕಂಡರೂ ಅಷ್ಟೆ. ಆಫ್‌ಸೈಡ್ ಅಂದರೇನೆಂದು ತಿಳಿಯದ ರೆಫರಿಗಳ ವಿಷಯ ಕೇಳಲೇಬೇಡಿ. ಚಿಂಚ ಗಲ್ಲಿಯ ನನ್ನ ಕಂಪ್ಯೂಟರ್ ಕ್ಲಾಸಿಗೆ ಬರುವವರು, ಇವತ್ತು ಅಕ್ಕಾ ಯಾರ ಚಳಿ ಬಿಡಿಸಿದ್ದಾಳೆ ಎಂದು ಓದಿಕೊಂಡೇ ಮೆಟ್ಟಿಲು ಹತ್ತುತ್ತಾರೆ.

ಆ ಭಾನುವಾರ ಸುರ್ವೆ ಚಷಕದ ಫೈನಲ್. ನಮ್ಮ ಚಿಂಚ ಗಲ್ಲಿ ತಾಲೀಮಿಗೂ ಬಾರಾ ಖೋಲಿ ತಾಲೀಮಿಗೂ ಸಂಜೆ ನಾಲ್ಕಕ್ಕೆ ಪಂದ್ಯ. ನಮ್ಮೂರಲ್ಲಿ ತಾಲೀಮು ಎಂದರೆ ಗಲ್ಲಿಯ ಗರಡಿ, ಫುಟ್‌ಬಾಲ್ ತಂಡ ಕಟ್ಟುವುದೂ ಅದೇ. ಬೆಳಿಗ್ಗೆ ಎಂಟೂವರೆಗೆ ನಾನು ತಿಂಡಿಗೆಂದು ಮಿಸಳದ ತಟ್ಟೆ ಮುಂದಿಟ್ಟುಕೊಳ್ಳುವಷ್ಟರಲ್ಲಿ ನಮ್ಮ ಗೋಲ್‌ಕೀಪರ್ ತಾನಾಜಿ ಪಾಟೀಲ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಮೂವತ್ತೆಂಟು ವರ್ಷ. ಈ ಪಂದ್ಯ ಮುಗಿಸಿ ಕೈಗವಸು ಕಳಚಿಡುತ್ತೇನೆಂದು ಇಡೀ ಗಲ್ಲಿಗೆ ಹೇಳಿದ್ದ. ಅವನಿಗಿಂತ ಮೊದಲು ಅದೇ ಗೋಲು ಕಾದವರು ಅವನಪ್ಪ ರಾಮಚಂದ್ರ ಕಾಕಾ. ಅಪ್ಪ ಮಗ ಸೇರಿ ನಲವತ್ತು ವರ್ಷ.

ತಾನಾಜಿ ಫೋನು ಮುಂದೆ ಹಿಡಿದ. ಆಟಗಾರರ ನೋಂದಣಿಗೆಂದು ಫುಟ್‌ಬಾಲ್ ಸಂಘದವರು ಈ ವರ್ಷ ತಂದ ಆ್ಯಪಿನಲ್ಲಿ ಅವನ ಹೆಸರು ಕೆಂಪಾಗಿತ್ತು. ‘ಎರಡು ತಂಡಗಳಲ್ಲಿ ನೋಂದಣಿ. ಅನರ್ಹ.’

“ನಿನ್ನೆ ಸಂಜೀತನಕ ಹಸಿರ ಇತ್ತು ಅಕ್ಕಾ. ಉಚಗಾವದಾಗ ಇನ್ನೊಬ್ಬ ತಾನಾಜಿ ಪಾಟೀಲ ಅದಾನಂತ. ಹಿರಿಯರ ಪಂದ್ಯಾವಳಿಗೆ ನಿನ್ನೆ ಹೆಸರು ಕೊಟ್ಟಾನ. ಈ ಆ್ಯಪಿಗೆ ಅವನೂ ನಾನೂ ಒಬ್ಬನ ಅಂತ ಅನಿಸೇತಿ.”

“ಕೊಲ್ಹಾಪುರದಾಗ ಕಣ್ಣು ಮುಚ್ಚಿ ಕೈ ಚಾಚಿದ್ರ ಒಬ್ಬ ಪಾಟೀಲ ಸಿಗತಾನ. ಅಷ್ಟೂ ಗೊತ್ತಿಲ್ಲೇನು ಆ ಆ್ಯಪ್ ಮಾಡಿದ ಕತ್ತೆಗೆ?”

“ಹುಟ್ಟಿದ ದಿನಾನೂ ಒಂದ ಐತಂತ.”

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಗಲೇ ಪಿತ್ತ ನೆತ್ತಿಗೇರಿತ್ತು.

“ಸಂಘದ ಕಾರ್ಯದರ್ಶಿ ಸಾಳೋಖೆ ಆಬಾನ್ನ ಕೇಳಿ ಬಂದೀನಿ,” ಎಂದ ತಾನಾಜಿ. “ಆಟಗಾರರ ಯಾದಿ ಎರಡಕ್ಕ ಬಂದ್ ಆಗತೈತಿ, ಅಷ್ಟರಾಗ ಕೆಂಪು ಹೋದ್ರ ಆಡು ಅಂದ್ರು. ಆ ಋತುರಾಜಗ ಫೋನ್ ಮಾಡಿ ತಪ್ಪು ಎಲ್ಲೈತಿ ಹುಡುಕು ಅಕ್ಕಾ. ಬರಿಯೋದು ಆಮ್ಯಾಲ ಬರಿ. ನಿನ್ನ ಬಿಟ್ರ ಈ ಗಲ್ಲ್ಯಾಗ ಅದು ತಿಳಿಯೋರು ಯಾರದಾರ?”

ಋತುರಾಜ ಎಂದರೆ ಆ ಆ್ಯಪ್ ಮಾಡಿದ ಎಂಜಿನಿಯರ್. ಪುಣೆಯಲ್ಲಿ ಕಲಿತು ಹೋದ ವರ್ಷವಷ್ಟೆ ಊರಿಗೆ ಮರಳಿದವನು.

“ಫೋನಿಗೆಲ್ಲ ಬಗ್ಗತಾರೇನು ಇವ್ರು? ನಾಕು ಮಂದಿ ಮುಂದ ಮಾನ ಕಳದ್ರ ತಾವ ಓಡಿ ಬರ್ತಾರ. ನೀ ಹೋಗಿ ಮೈ ಬಿಸಿ ಮಾಡ್ಕೋ,” ಎಂದು ಅವನನ್ನು ಕಳಿಸಿಬಿಟ್ಟೆ.

ಮಿಸಳ ತಣ್ಣಗಾಯಿತು. ನಾನು ಬರೆದೆ. ಮೈದಾನದ ಮಣ್ಣು ಮುಟ್ಟದವರು, ಊರವರ ಹೆಸರು ಗೊತ್ತಿಲ್ಲದವರು, ತಂಪು ಕೋಣೆಯಲ್ಲಿ ಕೂತು ಜನರನ್ನು ಬರೀ ಸಾಲು-ಕಾಲಮ್ಮುಗಳಾಗಿ ನೋಡುವವರು ಎಂದು ಬರೆದೆ. ಋತುರಾಜನ ತಲೆಯಲ್ಲಿ ಸಗಣಿ ತುಂಬಿದೆ ಎಂದೂ ಬರೆದೆ. ಬರೆದದ್ದನ್ನು ಓದಿ, ಸಾಲದೆನಿಸಿ, ಇನ್ನಷ್ಟು ಖಾರ ಅರೆದು ಹಾಕಿದೆ. ಹನ್ನೆರಡೂವರೆಗೆ ತಾಣಕ್ಕೇರಿಸಿದೆ. ಅರ್ಧ ಗಂಟೆಯಲ್ಲಿ ಆರುನೂರು ಜನ ಓದಿದರು. ‘ಅಕ್ಕಾ, ಬೆಂಕಿ!’ ಎಂದರು. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು.

ಒಂದು ಗಂಟೆಗೆ ಋತುರಾಜನ ಫೋನು ಬಂತು. ಎತ್ತಲಿಲ್ಲ. ಕುದಿಯಲಿ ಎಂದುಕೊಂಡೆ. ಮತ್ತೆ ಬಂತು, ಮತ್ತೂ ಬಂತು. ಅಷ್ಟು ಹೊತ್ತು ಮೆಚ್ಚುಗೆಯ ಮಾತುಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತ ಕೂತಿದ್ದೆ. ಕೊನೆಗೆ ಎತ್ತಿದಾಗ ಎರಡು ಗಂಟೆ ಹತ್ತು ನಿಮಿಷ.

“ಮ್ಯಾಡಮ್, ಒಂದು ತಾಸಾತು ಫೋನ್ ಮಾಡಾಕ ಹತ್ತಿ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. “ಇಬ್ರು ಒಬ್ಬರೇ ಹೌದೋ ಅಲ್ಲೋ ಅಂತ ನೋಡೋ ಕೋಡ್ ನಾ ಬರದದ್ದಲ್ರೀ. ನಿಮ್ಮ ತಾಣದಾಗಿಂದ ತಗೊಂಡೀನಿ. ಯಾರು ಬೇಕಾದ್ರೂ ಬಳಸ್ರಿ ಅಂತ ನೀವ ಹಾಕೀರಿ. ಮ್ಯಾಲ ನಿಮ್ಮ ಹೆಸರೈತಿ. ನಾ ಅದರಾಗ ಕೈ ಹಾಕಿ ಮತ್ತೇನಾರ ಕೆಡಿಸಿದ್ರ ಅಂತ ಅಂಜಿ ನಿಮಗ ಕೇಳಾಕತ್ತಿದ್ದೆ.”

ತೆಗೆದು ನೋಡಿದೆ. ಒಂಬತ್ತು ವರ್ಷದ ಹಿಂದೆ ಊರಿನ ಓಟದ ಸ್ಪರ್ಧೆಗೆಂದು ಬರೆದದ್ದು. ಮೊದಲ ಸಾಲಿನಲ್ಲಿ ಉಜ್ವಲಾ ಚೌಗುಲೆ ಎಂಬ ನನ್ನ ಹೆಸರು. ಕೆಳಗೆ ಆ ಸಾಲು: ಹೆಸರು, ಮನೆತನದ ಹೆಸರು, ಹುಟ್ಟಿದ ದಿನ ಮೂರೂ ಒಂದೇ ಆದರೆ ಮನುಷ್ಯ ಒಬ್ಬನೇ.

ನಮ್ಮಲ್ಲಿ ಮನುಷ್ಯನ ಹೆಸರೆಂದರೆ ಮೂರು ಹೆಸರು. ತನ್ನದು, ಅಪ್ಪನದು, ಮನೆತನದ್ದು. ವಿದೇಶದ ಯಾವುದೋ ಅರ್ಜಿ ನಮೂನೆ ನೋಡಿ ಎರಡೇ ಖಾನೆ ಮಾಡಿದ್ದೆ, ಎಷ್ಟು ಚೊಕ್ಕಟವಾಗಿದೆ ಎಂದು ಬೀಗಿದ್ದೆ. ಇನ್ನು ಹುಟ್ಟಿದ ದಿನ. ನಮ್ಮ ಓರಗೆಯವರಲ್ಲಿ ಅರ್ಧ ಊರು ಜೂನ್ ಒಂದರಂದು ಹುಟ್ಟಿದೆ. ಅವ್ವಂದಿರಿಗೆ ತಾರೀಖು ನೆನಪಿರಲಿಲ್ಲ, ಹೆಡ್‌ಮಾಸ್ತರರಿಗೆ ಕೇಳುವ ಪುರುಸೊತ್ತಿರಲಿಲ್ಲ, ಶಾಲೆಗೆ ಸೇರಿಸುವಾಗ ಎಲ್ಲರಿಗೂ ಅದನ್ನೇ ಬರೆದರು. ಉಚಗಾವದ ತಾನಾಜಿಗೂ ಅದೇ, ನಮ್ಮ ತಾನಾಜಿಗೂ ಅದೇ, ವರ್ಷವೂ ಒಂದೇ. ನನ್ನ ಶಾಲೆಯ ದಾಖಲೆಯಲ್ಲಿರುವುದೂ ಜೂನ್ ಒಂದೇ. ಊರವರ ಹೆಸರು ಗೊತ್ತಿಲ್ಲದವರು ಎಂದು ಬರೆದಿದ್ದೆನಲ್ಲ, ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಅಪ್ಪನ ಹೆಸರಿಗೆ ಒಂದು ಖಾನೆ ಸೇರಿಸಲು ಏಳು ನಿಮಿಷ ಹಿಡಿಯಿತು. ಬೆಳಿಗ್ಗೆ ಮಾಡಿದ್ದರೂ ಏಳೇ ನಿಮಿಷ. ಋತುರಾಜ ಅದನ್ನು ಆ್ಯಪಿಗೆ ಹಾಕಿ ಇಬ್ಬರ ಅಪ್ಪಂದಿರ ಹೆಸರೂ ತುಂಬಿದ, ಎರಡೂವರೆಗೆ ತಾನಾಜಿಯ ಹೆಸರು ಹಸಿರಾಯಿತು. ಸಾಳೋಖೆ ಆಬಾಗೆ ಫೋನು ಮಾಡಿ ಎಲ್ಲ ಹೇಳಿದೆ.

“ಎರಡಕ್ಕ ಯಾದಿ ಬಂದ್ ಮಾಡಿ ಬಾರಾ ಖೋಲಿಯವರ ಸಹಿ ತಗೊಂಡೀನಿ. ಈಗ ಬಿಚ್ಚಿದ್ರ ಮೈದಾನದಾಗ ಹೊಡದಾಟ ಆಗತಾವು,” ಎಂದರು ಆಬಾ. “ಅರ್ಧಾ ತಾಸು ಮೊದ್ಲ ಹೇಳಬಾರದೇನವ್ವಾ? ಮುಂಜಾನಿಂದ ಏನ್ ಮಾಡಾಕತ್ತಿದ್ದಿ?”

ಏನು ಮಾಡುತ್ತಿದ್ದೆನೆಂದು ಆರುನೂರು ಜನಕ್ಕೆ ಗೊತ್ತಿತ್ತು.

ಪಂದ್ಯ ನೋಡಲು ಹೋದೆ. ಹೋಗದಿರಲು ಮುಖವಿರಲಿಲ್ಲ, ಹೋಗಲೂ ಇರಲಿಲ್ಲ. ತಾನಾಜಿ ಬೇಲಿಯ ಹೊರಗೆ ಕೈಗವಸು ಹಾಕಿಕೊಂಡೇ ನಿಂತಿದ್ದ. ಅವನಿಗೆ ಎಲ್ಲ ಹೇಳಿದೆ. “ಫೋನ್ ಮಾಡು ಅಂದಿದ್ದೆ ಅಕ್ಕಾ,” ಎಂದಷ್ಟೆ ಹೇಳಿ ಮೈದಾನದ ಕಡೆ ತಿರುಗಿದ.

ಒಂದೊಂದು ಗೋಲಿಗೆ ಸಮ ಆಗಿ ಪಂದ್ಯ ಪೆನಾಲ್ಟಿಗೆ ಹೋಯಿತು. ಸೆಮಿಫೈನಲ್ಲಿನಲ್ಲಿ ತಾನಾಜಿ ಮೂರು ಪೆನಾಲ್ಟಿ ತಡೆದಿದ್ದ. ಅವನ ಬದಲಿಗೆ ನಿಂತವನು ಐದಕ್ಕೆ ಐದೂ ಬಿಟ್ಟ. ಬಾರಾ ಖೋಲಿಯವರು ಗುಲಾಲು ಎರಚಿಕೊಂಡು ಕುಣಿದರು.

ರಾಮಚಂದ್ರ ಕಾಕಾ ಮಗನ ಕೊನೆಯ ಪಂದ್ಯವೆಂದು ಗುಲಾಬಿ ಪೇಟ ಸುತ್ತಿಕೊಂಡು ಬಂದು, ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಕಂಪ್ಯೂಟರಿನ ತಪ್ಪು ಎಂದಷ್ಟೆ ಅವರಿಗೆ ಯಾರೋ ಹೇಳಿದ್ದರು.

“ಅದನ್ನ ಮಾಡಿದವ ಯಾರಂತ ಗೊತ್ತಾತೇನು ಉಜ್ವಲಾ? ಬರಿ. ಬಿಡಬ್ಯಾಡ ಅವನ್ನ. ನಿನ್ನ ಸಿಟ್ಟೆಲ್ಲಾ ಹಾಕಿ ಬರಿ.”

“ನಾನ ಕಾಕಾ. ಅದನ್ನ ಮಾಡಿದಾಕಿ ನಾನ.”

ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಖಾಲಿಯಾದ ಗೋಲಿನ ಕಡೆ ನೋಡುತ್ತ ಕೂತರು.

“ಏನು ತಪ್ಪಿತ್ತು ಅದರಾಗ?”

“ಅಪ್ಪನ ಹೆಸರು ಕೇಳಿರಲಿಲ್ಲ ಕಾಕಾ. ನಿಮ್ಮ ಹೆಸರು ಇದ್ದಿದ್ರ ತಾನಾಜಿ ಆಡತಿದ್ದ.”

“ನನ್ನ ಹೆಸರಿಗೆ ಜಾಗಾನ ಇಟ್ಟಿರಲಿಲ್ಲೇನು ನೀ?”

“ಇಟ್ಟಿರಲಿಲ್ಲ ಕಾಕಾ,” ಎಂದೆ.