ಇಂದ್ರನ ಸಕ್ಕರೆ

ದಿಗ್ಗೇವಾಡಿಯ ಬಸದಿಯಲ್ಲಿ ಎಂಟು ದಿನಗಳ ಸಿದ್ಧಚಕ್ರ ಆರಾಧನೆಗೆ ಇಂದ್ರನಾಗಿ, ಅಂದರೆ ಮುಕುಟ ತೊಟ್ಟ ಯಜಮಾನನಾಗಿ, ಕೂರಬೇಕೆಂದು ರಾವಸಾಹೇಬ ಅರ್ಧ ಆಯುಷ್ಯ ಕಾದಿದ್ದ. ಈ ಸಲ ಮುಕುಟ ಅವನ ತಲೆಗೇ ಬಂತು. ಅದು ಸ್ವಲ್ಪ ದೊಡ್ಡದಿತ್ತು. ಹೆಂಡತಿ ಮಂಗಲ ಒಳಗೆ ಟವೆಲ್ ಮಡಚಿಟ್ಟು ಕೂರಿಸಿದಳು. ಗಂಡ ಇಂದ್ರನಾದರೆ ಹೆಂಡತಿ ಇಂದ್ರಾಣಿ. ಅವಳನ್ನು ಯಾರೂ ಬೇರೆಯಾಗಿ ಕೇಳುವುದಿಲ್ಲ.

ಇಂದ್ರನಿಗೆ ಕಟ್ಟುಪಾಡುಗಳಿವೆ. ಪೂಜೆ ಮುಗಿಯುವವರೆಗೆ ದಿನಕ್ಕೆ ಒಂದೇ ಊಟ, ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ತಪ್ಪಿದರೆ ಮುಕುಟ ಬೇರೆಯವರ ತಲೆಗೆ. ರಾವಸಾಹೇಬನಿಗೆ ಸಕ್ಕರೆ ಕಾಯಿಲೆ ಬೇರೆ. ಅಥಣಿಯ ಡಾಕ್ಟರು ಗುಳಿಗೆ ಕಡಿಮೆ ಮಾಡಿ, ತೋಳಿಗೆ ನಾಣ್ಯದಷ್ಟಗಲದ ಸೆನ್ಸರ್ ಅಂಟಿಸಿ ಕಳಿಸಿದ್ದರು. ರಕ್ತದ ಸಕ್ಕರೆ ಏರಿದರೂ ಇಳಿದರೂ ಅದು ಫೋನಿಗೆ ಹೇಳುತ್ತಿತ್ತು, ಫೋನು ಡಾಕ್ಟರಿಗೆ. ನರ್ಸಿಂಗ್ ಓದುವ ಮಗಳು ಬ್ರಾಹ್ಮಿ, ಹಾಸ್ಟೆಲ್ಲಿನಿಂದ ಬಂದು ಆ್ಯಪ್ ಹೊಂದಿಸಿದ್ದಳು. ಡಾಕ್ಟರಿಗೆ ಮಾತ್ರ ಕಾಣುವಂತೆ, ಬೇರೆ ಯಾರಿಗೂ ಏನೂ ಇಲ್ಲ.

ಅದನ್ನು ಕೆಡಿಸಿದ್ದು ರಾವಸಾಹೇಬನ ಔದಾರ್ಯ.

ಪೆಂಡಾಲಿನ ಮೂಲೆಯಲ್ಲಿ ಊರಿನ ಹುಡುಗ ಕುನಾಲ ಆರೋಗ್ಯಸೇವೆಯ ಟೇಬಲ್ ಹಾಕಿದ್ದ. ಉಪವಾಸದಲ್ಲಿ ಯಾರಾದರೂ ತಲೆ ತಿರುಗಿ ಬೀಳುವ ಮೊದಲೇ ಗೊತ್ತಾಗಲಿ ಎಂದು, ಪೂಜೆಗೆ ಕೂತವರ ವಾಚು, ಸೆನ್ಸರುಗಳನ್ನೆಲ್ಲ ತನ್ನ ಆ್ಯಪಿಗೆ ಸೇರಿಸಿ ದೊಡ್ಡ ಟೀವಿಗೆ ಜೋಡಿಸಿದ್ದ.

"ಕಾಕಾ, ಏನೇನ ಕೊಡ್ಲಿ ಅಂತ ನಿಮ್ಮ ಫೋನ್ ಕೇಳಾಕತ್ತೈತಿ. ಸಕ್ಕರಿ ಭಾಳ ಇಳದ್ರ ಒಂದ್ ಸೂಚನಾ ಸಾಕ್ರಿ. ಅದನ್ನಷ್ಟ ಒತ್ರಿ," ಎಂದ ಕುನಾಲ.

"ಬಸದ್ಯಾಗ ನಿಂತು ಇಷ್ಟ ಕೊಡ್ತೀನಿ, ಇಷ್ಟ ಕೊಡಂಗಿಲ್ಲ ಅಂತಾರೇನೋ? ಇಂದ್ರ ಅದೀನಿ ನಾ! 'ಎಲ್ಲಾ' ಅನ್ನೂದು ಎಲ್ಲೈತಿ, ತೋರ್ಸು."

ಒತ್ತಿದ. ಯಾರು ನೋಡಬಹುದು ಎಂದು ಫೋನು ಕೇಳಿತು. ಎಲ್ಲರೂ. ಎಲ್ಲಿಯವರೆಗೆ? ಯಾವಾಗಲೂ. ಹಿಂದೆ ನಿಂತಿದ್ದವರು ಜಯಕಾರ ಹಾಕಿದರು.

ಒಂದೆರಡು ದಿನ ಯಾರೂ ಆ ಟೀವಿ ನೋಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಧನಪಾಲ ನೋಡಿದ. ಅವನು ಹೋದ ವರ್ಷದ ಇಂದ್ರ. ಮುಕುಟ ಕೈತಪ್ಪಿದ ನೋವು ಇನ್ನೂ ಹಸಿಯಾಗಿತ್ತು.

"ಕುನ್ಯಾ, ಈ ಗೆರಿ ಯಾಕೋ ಹಿಂಗೈತಿ? ಊಟದ ಹೊತ್ತ ಬಿಟ್ರ ಇಡೀ ದಿನ ಗದ್ದಿ ಇದ್ದಂಗ ಸಪಾಟ. ದೀಪಾ ಹಚ್ಚಿದ ಮ್ಯಾಲ ನೋಡ, ಗುಡ್ಡ! ನಿನ್ನೆ ಗುಡ್ಡ, ಮೊನ್ನೆ ಗುಡ್ಡ. ರಾವಸಾಹೇಬ ಹೊತ್ತ ಮುಳುಗಿದ ಮ್ಯಾಲ ಏನ್ ತಿಂತಾನ?"

ಜನ ಸೇರಿತು. ಊರಿನ ಮದುವೆಗಳಿಗೆಲ್ಲ ಅಡುಗೆ ಮಾಡಿಸುವ ಮುದುಕಿ ಸಾವಿತ್ರೆವ್ವ ಕನ್ನಡಕ ಏರಿಸಿ ಗೆರೆಯನ್ನು ಪರೀಕ್ಷಿಸಿದಳು.

"ಬಾಸುಂದಿ. ಪೇಢೆ ಆಗಿದ್ರ ಚೂಪ ಇರತಿತ್ತು. ಇದು ದುಂಡಗ ಏರೇತಿ. ನಿಧಾನಕ್ಕ ಕುಡದಾನ."

"ಇಲ್ಲಬೇ ಆಯಿ, ಶ್ರೀಖಂಡ," ಎಂದಿತು ಹಿಂದಿನಿಂದ ಒಂದು ದನಿ.

ನೋಡನೋಡುತ್ತ ಪೆಂಡಾಲಿನಲ್ಲಿ ಬಾಸುಂದಿಯ ಪಂಗಡ, ಶ್ರೀಖಂಡದ ಪಂಗಡ ಎಂದು ಎರಡಾಯಿತು. ಏನೂ ತಿಂದಿಲ್ಲ ಎನ್ನುವ ಪಂಗಡದಲ್ಲಿ ಯಾರೂ ಇರಲಿಲ್ಲ. ಆಗಲೇ ರಾವಸಾಹೇಬ ಹಳದಿ ಧೋತರ ಉಟ್ಟು, ಮುಕುಟ ಧರಿಸಿ ಬಂದ.

"ನಾ ಏನೂ ತಿಂದಿಲ್ಲ!"

"ಹಂಗಾರ ಗುಡ್ಡ ಯಾಕ ಏರೇತಿ?" ಎಂದ ಧನಪಾಲ.

ರಾವಸಾಹೇಬನ ಮುಖ ಕೆಂಪಾಯಿತು. ಬ್ರಾಹ್ಮಿ ಅಪ್ಪನ ಫೋನು ಕಸಿದುಕೊಂಡು ಎಲ್ಲವನ್ನೂ ಬಂದ್ ಮಾಡಲು ಹೋದಳು.

"ಮಾಡವ್ವಾ, ಮಾಡು. ಈಗ ಬಂದ್ ಮಾಡಿದ್ರ ಕಳ್ಳ ಅಂತ ಬರಕೊಟ್ಟಂಗ," ಎಂದ ಧನಪಾಲ.

ಆ ಮಾತು ಸರಿಯಾಗಿಯೇ ಇತ್ತು. ಕೊಡುವುದಕ್ಕೆ ಒಂದು ಬೆರಳು ಸಾಕು, ಮರಳಿ ಪಡೆಯುವುದಕ್ಕೆ ಮಾನ ಬೇಕು. ಬ್ರಾಹ್ಮಿ ಬೆರಳು ತೆಗೆದಳು.

ಪೂಜೆ ಮಾಡಿಸುವ ಉಪಾಧ್ಯೆಯವರು ಹೇಳಿದರು: "ಆರತಿ ಒಳಗ ಇದು ಬಗಿಹರೀಬೇಕ್ರಿ. ಇಲ್ಲಾಂದ್ರ ಮುಕುಟ ಧನಪಾಲ ಅವರಿಗೆ."

ರಾವಸಾಹೇಬ ಎರಡೂ ಕೈಯಿಂದ ಮುಕುಟ ಹಿಡಿದುಕೊಂಡ.

ಬ್ರಾಹ್ಮಿ ಅವನನ್ನು ಪೆಂಡಾಲಿನ ಹಿಂದಕ್ಕೆ ಎಳೆದೊಯ್ದಳು. ಮಂಗಲಳೂ ಬಂದಳು.

"ಖರೇ ಹೇಳಪ್ಪಾ. ಬಾಸುಂದಿನೋ, ಶ್ರೀಖಂಡನೋ?"

"ನೀನೂ ಏನ್ ಬೇ?" ರಾವಸಾಹೇಬ ಆಚೀಚೆ ನೋಡಿದ. "ಕುಣೀತೀನಿ."

"ಏನು?"

"ಮನಿ ಮಾಳಗಿ ಮ್ಯಾಲ, ಒಬ್ಬನ. ಕಡೀ ದಿನ ಇಂದ್ರ ಕುಣೀಬೇಕಲ್ಲ? ಧನ್ಯಾ ಹೋದ ವರ್ಷ ಕುಣಿದದ್ದು ಜನ ಇನ್ನೂ ಮೊಬೈಲ್‌ದಾಗ ನೋಡ್ತಾರ. ನನಗ ಹೆಜ್ಜಿ ಬರಂಗಿಲ್ಲ. ಗೊತ್ತಾದ್ರ ಊರ ನಗತೈತಿ."

ಬ್ರಾಹ್ಮಿ ನಗುವನ್ನು ಕೆಮ್ಮು ಮಾಡಿದಳು. "ಖಾಲಿ ಹೊಟ್ಟ್ಯಾಗ ಅಷ್ಟ್ ಜೋರ್ ಕುಣಿದ್ರ ಮೈಯ ಒಳಗಿಂದ ಸಕ್ಕರಿ ಬಿಡ್ತದಪ್ಪಾ. ತಿನ್ನೂದ ಬ್ಯಾಡ. ನಿನ್ನ ಕೈಯಾಗಿನ ವಾಚ್‌ನ್ಯಾಗ ಎದಿ ಬಡಿತ ಇರತೈತಿ, ಅದನ್ನ ತೋರ್ಸೂಣು."

ಆ ವಾಚು ಮಂಗಲಳ ಫೋನಿಗೆ ಜೋಡಿಯಾಗಿತ್ತು. ರಾವಸಾಹೇಬನ ಫೋನಿನಲ್ಲಿ ಶುಭೋದಯದ ಚಿತ್ರಗಳು ತುಂಬಿ ಇನ್ನೊಂದು ಆ್ಯಪಿಗೆ ಜಾಗ ಇರಲಿಲ್ಲ.

"ನನಗ ಮೊದಲ ದಿನಾನ ಗೊತ್ತಾಗೇತಿ," ಎಂದಳು ಮಂಗಲ. "ಎದಿ ಬಡಿತ ನೋಡಿ ಹಾರ್ಟ್ ಅಟ್ಯಾಕ್ ಅಂತ ಮ್ಯಾಲ ಓಡಿದೆ. ಎಮ್ಮಿ ಕೆಸರಾಗ ಸಿಕ್ಕಂಗ ಕುಣ್ಯಾಕತ್ತಿದ್ರು. ಸಪ್ಪಳ ಮಾಡದ ಇಳದ ಬಂದೆ."

"ಅಲ್ಲಿ ಅಷ್ಟ್ ಗದ್ಲ ಆದಾಗ ಹೇಳಬಾರದೇನವ್ವಾ?"

"ಅವರ ಎದಿ. ಅವರನ್ನ ಕೇಳು."

ಅಪ್ಪ ಯೋಚಿಸಿದ. "ಉಪಾಧ್ಯೆರಿಗೆ ಮಾತ್ರ."

ಈ ಸಲ ಬ್ರಾಹ್ಮಿಯೇ ಒತ್ತಿದಳು. ಎದೆಬಡಿತ ಮಾತ್ರ, ಸಂಜೆಯದ್ದು ಮಾತ್ರ, ಉಪಾಧ್ಯೆಯವರ ಫೋನಿಗೆ ಮಾತ್ರ, ಸ್ವಲ್ಪ ಹೊತ್ತಿಗೆ ತಾನೇ ಅಳಿಸಿಹೋಗುವಂತೆ. ಅವರು ಎರಡೂ ಗೆರೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು. ಮೊದಲು ಎದೆ ಹಾರಿತ್ತು, ಹಿಂದಿನಿಂದ ಸಕ್ಕರೆ ಏರಿತ್ತು.

"ಬಾಸುಂದಿ ಕುಡದ್ರ ಎದಿ ಇಷ್ಟ ಹಾರಂಗಿಲ್ರಿ," ಎಂದು ಅವರು ಪೆಂಡಾಲಿಗೆಲ್ಲ ಕೇಳುವಂತೆ ಘೋಷಿಸಿದರು.

"ಕದ್ದ ಕುಡದ್ರ ಹಾರತೈತಿ," ಎಂದಳು ಸಾವಿತ್ರೆವ್ವ.

ಪೆಂಡಾಲು ತಲೆದೂಗಿತು. ಪುರಾವೆ ಅಲ್ಲಿಗೆ ಮುಗಿಯಿತು. ಧನಪಾಲ ಮುಕುಟಕ್ಕೆ ಕೈ ಚಾಚಿದ.

"ಕುಣೀತಿದ್ದೆ!" ರಾವಸಾಹೇಬ ಚೀರಿದ. "ಮಾಳಗಿ ಮ್ಯಾಲ ಕುಣೀತಿದ್ದೆ!"

ಹೊಟ್ಟೆ ಹಿಡಿದುಕೊಂಡು ನಗದವನೇ ಇಲ್ಲ.

"ನೀ? ಕುಣೀತಿದ್ದಿ?" ಧನಪಾಲ ಕಣ್ಣೊರೆಸಿಕೊಂಡ. "ಇನ್ನೂ ಉಂಡಿಲ್ಲಲ್ಲ? ಈಗ ಕುಣಿ. ಗುಡ್ಡ ಏರಿದ್ರ ಒಪ್ತೀನಿ."

ರಾಯಬಾಗದಿಂದ ಬಂದಿದ್ದ ಢೋಲಿನವರಿಗೆ ಇನ್ನೊಮ್ಮೆ ಹೇಳಬೇಕಾಗಲಿಲ್ಲ. ರಾವಸಾಹೇಬ ಕಣ್ಣು ಮುಚ್ಚಿ ಕುಣಿದ. ಮಂಗಲಳ ಎಮ್ಮೆಯ ಮಾತು ಸುಳ್ಳಾಗಿರಲಿಲ್ಲ. ಇಡೀ ಪೆಂಡಾಲು ಟೀವಿ ನೋಡುತ್ತಿತ್ತು. ಗೆರೆ ಅಲುಗಲಿಲ್ಲ.

"ಏರಿಲ್ಲ!"

"ಸೆನ್ಸರ್ ತಡಾ ಮಾಡ್ತದ್ರಿ ಕಾಕಾ, ನಿಲ್ಲಬ್ಯಾಡ್ರಿ!" ಕುನಾಲ ಕೂಗಿದ.

ರಾವಸಾಹೇಬ ಏದುಸಿರು ಬಿಡುತ್ತ ತಡವರಿಸಿದ. ಮಂಗಲ ಸೆರಗು ಸಿಕ್ಕಿಸಿ ಒಳಗಿಳಿದಳು. ಇಂದ್ರಾಣಿ ಕುಣಿದರೆ ಇಂದ್ರ ನಿಲ್ಲುವಂತಿಲ್ಲ. ಆದರೂ ಹೆಜ್ಜೆ ತಪ್ಪುತ್ತಲೇ ಇತ್ತು. ಧನಪಾಲ ಮುಖ ತಿರುಗಿಸಿದ, ಮತ್ತೆ ನೋಡಿದ, ಹಲ್ಲು ಕಚ್ಚಿದ. ಕೊನೆಗೆ ಸಹಿಸಲಾಗದೆ ಹಾರಿ ಬಂದ.

"ಏ ಥೂ! ಎಡಗಾಲ ಮೊದಲ ಲೇ, ಎಡಗಾಲ! ನನ್ನ ನೋಡ!"

ಆಗ ಗೆರೆ ತಲೆ ಎತ್ತಿತು.

"ಏರಿತು!" ಸಾವಿತ್ರೆವ್ವ ಮೊಟ್ಟಮೊದಲು ಕೂಗಿದಳು. "ಬಾಸುಂದಿ ಅಲ್ಲ, ಬಾಸುಂದಿ ಅಲ್ಲ!" ಎನ್ನುತ್ತ ಕೋಲು ಎಸೆದು ಅವಳೂ ಒಳಗೆ. ಶ್ರೀಖಂಡದ ಪಂಗಡ ಒಳಗೆ. ಎಲ್ಲರ ಎದೆಬಡಿತವೂ ಹಾರಿ ಟೀವಿಯ ತುಂಬ ಕೆಂಪು ಹೊತ್ತಿಕೊಂಡಿತು, ಕುನಾಲನ ಆ್ಯಪು ಸೈರನ್ ಹಾಕತೊಡಗಿತು, ಢೋಲಿನವರು ಅದಕ್ಕೂ ತಾಳ ಹಾಕಿದರು.

ಬ್ರಾಹ್ಮಿ ಅಪ್ಪನ ಫೋನು ತೆಗೆದು 'ಎಲ್ಲಾ' ಎಂಬುದನ್ನು ಅಳಿಸಿದಳು. ಟೀವಿಯಿಂದ ರಾವಸಾಹೇಬನ ಗೆರೆ ಮಾಯವಾಯಿತು. ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಅಥಣಿಯಿಂದ ಡಾಕ್ಟರ ಫೋನು.

"ಬ್ರಾಹ್ಮಿ, ನಿಮ್ಮಪ್ಪನ ಸಕ್ಕರಿ ಏರಾಕತ್ತೈತಿ. ಏನ್ ತಿನ್ನಾಕತ್ತಾರ?"

"ಏನೂ ಇಲ್ರಿ ಸರ್."

"ಮತ್ತ ಆ ಗದ್ದಲ ಏನು?"

ಹೇಳಿದರೆ ನಂಬುವಂತಿರಲಿಲ್ಲ. ಅವಳು ವಿಡಿಯೊ ಹಾಕಿ ಫೋನನ್ನು ಪೆಂಡಾಲಿನ ಕಡೆ ತಿರುಗಿಸಿದಳು. ಟವೆಲ್ ಜಾರಿ ಮುಕುಟ ರಾವಸಾಹೇಬನ ಮೂಗಿನವರೆಗೆ ಇಳಿದಿತ್ತು. ಅವನು ಏನೂ ಕಾಣದೆ ಕುಣಿಯುತ್ತಿದ್ದ. ಪಕ್ಕದಲ್ಲಿ ಧನಪಾಲ ಒಂದು ಹೆಜ್ಜೆಯೂ ತಪ್ಪದೆ, ಒಂದು ಕೈಯಿಂದ ಆ ಮುಕುಟವನ್ನು ಎತ್ತಿ ಅವನ ತಲೆಯ ಮೇಲೆಯೇ ಹಿಡಿದುಕೊಂಡಿದ್ದ.