ಎತ್ತಿಕೊಟ್ಟ ಮಾತು

ಇಪ್ಪತ್ತೆರಡು ವರ್ಷ ನಾಟಕದ ಮೇಷ್ಟ್ರಾಗಿದ್ದವನು ನಾನು. ನಿಡಘಟ್ಟದಿಂದ ಮಳವಳ್ಳಿಯವರೆಗೆ ಯಾವ ಊರಲ್ಲಾದರೂ ಪುಟ್ಟರಾಜು ಮೇಷ್ಟ್ರು ಯಾರೆಂದು ಕೇಳಿ ನೋಡಿ. ನೇಗಿಲು ಹಿಡಿದವರನ್ನು, ಆಲೆಮನೆಯಲ್ಲಿ ಬೆಲ್ಲ ಬೇಯಿಸುವವರನ್ನು ಎಳೆದು ತಂದು ದುರ್ಯೋಧನ, ಭೀಮ ಮಾಡಿದ್ದೇನೆ. ಅವರಲ್ಲಿ ಅರ್ಧ ಜನಕ್ಕೆ ಮಾತೇ ನೆನಪಿರುತ್ತಿರಲಿಲ್ಲ. ಮೇಷ್ಟ್ರು ರಂಗದ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಕೂರುವುದೇ ಅದಕ್ಕೆ. ಪಾರ್ಟುದಾರ ತಡವರಿಸಿದನೋ, ಜನಕ್ಕೆ ಗೊತ್ತಾಗುವುದರೊಳಗೆ ಮಾತು ಎತ್ತಿಕೊಡಬೇಕು. ಅವನು ಬಾಯಿ ಆಡಿಸಿದರೆ ಸಾಕು, ಮಿಕ್ಕಿದ್ದು ನನ್ನ ಗಂಟಲು. ಎದುರಿಗೆ ಹೆಂಡತಿ, ಬೀಗರು ಎಲ್ಲ ಕೂತಿರುತ್ತಾರೆ, ಅವನ ಮಾನ ಹೋಗಬಾರದು. ನನ್ನ ಕೈಯಲ್ಲಿ ಒಬ್ಬನ ಮಾನವೂ ಹೋಗಿರಲಿಲ್ಲ.

ಅಂಥವನನ್ನು ಎಪ್ಪತ್ತೆಂಟನೇ ಇಸವಿಯಲ್ಲಿ ಮಂಡ್ಯದ ಅಂಗವಿಕಲ ಮಕ್ಕಳ ಹಾಸ್ಟೆಲಿಗೆ ನಾಟಕ ಕಲಿಸಲು ಕರೆದರು. ಮೂರು ವರ್ಷ ಕೆಲಸ ಬಿಟ್ಟು ಹೋಗುವಂತಿಲ್ಲ ಎಂದು ರುಜು ಹಾಕಿಸಿಕೊಂಡರು. ಹಾಕಿದ ಮೇಲೆ ತಿಳಿಯಿತು, ಮೊದಲು ನಾನೇ ಆರು ವಾರ ಕಲಿಯಬೇಕಂತೆ! ಅದೂ ಮೈಸೂರಿನಿಂದ ಬಂದ ಕನಕಲಕ್ಷ್ಮಿ ಎಂಬ ಹೆಣ್ಣುಮಗಳ ಹತ್ತಿರ. ನನ್ನ ಮಗಳ ವಾರಿಗೆಯವರು. ಬಂದ ದಿನವೇ ನನ್ನ ಹಾರ್ಮೋನಿಯಂ ಬೀರುವಿಗೆ ಸೇರಿಸಿ ಬೀಗ ಜಡಿದರು.

"ಇಲ್ಲಿ ನೀವು ಹೇಳಿಕೊಡೋ ಹಾಗಿಲ್ಲ, ಪುಟ್ಟರಾಜು ಅವರೇ. ನಾಟಕ ಮಕ್ಕಳೇ ಕಟ್ಟಬೇಕು, ಅವರೇ ಆಡಬೇಕು. ಮಾತು ಮಧ್ಯೆ ನಿಂತರೆ ನೀವು ಸುಮ್ಮನೆ ಕಾಯಬೇಕು."

"ಎಷ್ಟೊತ್ತು ಕಾಯದು ತಾಯಿ?"

"ಅವರು ಮುಗಿಸೋವರೆಗೂ."

ನನಗೆ ಮೈಯೆಲ್ಲ ಉರಿದುಹೋಯಿತು. ನಾಟಕ ಕಟ್ಟುತ್ತಿದ್ದ ಹಾಲ್ ಮೊದಲು ಗೋಡೌನ್ ಆಗಿತ್ತಂತೆ. ಆಳೆತ್ತರದ ಮೇಲೆ ಎರಡು ಸರಳಿನ ಕಿಟಕಿ, ಅದರಲ್ಲಿ ಬರುತ್ತಿದ್ದುದು ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಮಾತ್ರ. ಬೆಳಗಿನಿಂದ ಸಂಜೆವರೆಗೆ ಅದರೊಳಗೆ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಥೂ, ಜೈಲಾದರೂ ವಾಸಿ ಎನ್ನಿಸುತ್ತಿತ್ತು. ಎಷ್ಟೋ ಸಲ ಎದ್ದು ಬಸ್‌ ಸ್ಟ್ಯಾಂಡಿಗೆ ಹೋಗಿಬಿಡೋಣ ಅಂದುಕೊಂಡೆ. ರುಜು ನೆನಪಾಗಿ ಮತ್ತೆ ಕೂತೆ.

ಅಲ್ಲಿದ್ದ ಹನ್ನೆರಡು ಜನರಲ್ಲಿ ದೇವಿರಮ್ಮ ಒಬ್ಬಳು. ಹದಿನೆಂಟು ತುಂಬಿತ್ತು. ಹುಟ್ಟುವಾಗಲೇ ಪೆಟ್ಟಾಗಿ ಕೈಕಾಲು ಸೆಟೆದುಕೊಂಡಿದ್ದವು, ನಾಲಿಗೆಯೂ ಹಾಗೇ. ಬುದ್ಧಿ ಮಾತ್ರ ಬಲು ಚುರುಕು. ಒಂದು ಮಾತು ಹೊರಗೆ ಬರಲು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಅವಳಪ್ಪ ಕರಿಯಪ್ಪ ಶಿವನಸಮುದ್ರದ ಹತ್ತಿರ ಗದ್ದೆ ಇದ್ದವರು. ಊರಲ್ಲಿ ಅವಳನ್ನು ಹಿತ್ತಿಲ ಕೋಣೆಯಲ್ಲಿ ಇಡುತ್ತಿದ್ದರಂತೆ, ನೆಂಟರು ಬಂದರೆ ಹೊರಗಿನಿಂದ ಚಿಲಕವಂತೆ. ಇದಿಷ್ಟನ್ನು ನನಗೆ ಹೇಳಿ ಮುಗಿಸಲು ಅವಳಿಗೆ ಎರಡು ಮಧ್ಯಾಹ್ನ ಹಿಡಿಯಿತು. ಎರಡು ಮಧ್ಯಾಹ್ನವೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಕನಕಲಕ್ಷ್ಮಿ ದೂರದಿಂದ ನೋಡಿ ನಕ್ಕರು. ನನಗೂ ಒಳಗೊಳಗೇ ಹೆಮ್ಮೆಯಾಯಿತು.

ಐದನೇ ವಾರ ಕರಿಯಪ್ಪ ಬಂದರು. ಮಗಳಿಗೆ ಕಜ್ಜಾಯ ಕಟ್ಟಿಸಿಕೊಂಡು ತಂದಿದ್ದರು. ತಮ್ಮ ಕೈಯಲ್ಲೇ ಮುರಿದು ತಿನ್ನಿಸಿದರು. ಆಮೇಲೆ ಹಾಸ್ಟೆಲಿನ ಮೇಲ್ವಿಚಾರಕ ಯೋಗಾನರಸಿಂಹರ ಮುಂದೆ ನಿಂತರು.

"ಕರ್ಕಂಡ್ ಓಯ್ತೀನಿ ಸೋಮಿ. ಇಷ್ಟು ಗದ್ದೆ ಮಡಿಕಂಡು ಮಗಳ್ಗೆ ಇಟ್ಟಾಕಕಾಗ್ದೆ ಆಸ್ಟ್ಲಿಗೆ ತಳ್ಳವ್ನೆ ಅಂತ ಊರೋರು ಆಡ್ಕತಾವ್ರೆ. ಚಿಕ್ಕವಳ್ಗೆ ಗಂಡು ಬೇರೆ ಬತ್ತಾವೆ."

"ಅವಳಿಗೆ ಹದಿನೆಂಟಾಯ್ತು, ಕರಿಯಪ್ಪ. ಅವಳನ್ನೇ ಕೇಳೋಣ."

ಕರಿಯಪ್ಪ ನಕ್ಕುಬಿಟ್ಟರು. "ಅದ್ಕೆ ಮಾತೆಲ್ ಬತ್ತದೆ? ಸನಿವಾರ ನಾಟ್ಕ ಅಂದ್ರಲ್ಲ, ಬತ್ತೀನಿ. ಅದ್ರ ಬಾಯಿಂದ ಅದೇ ಇರ್ತೀನಿ ಅನ್ಲಿ, ಬುಟ್ಬುಟ್ಟು ಓಯ್ತೀನಿ. ದೇವ್ರಾಣೆ."

ದೇವಿರಮ್ಮ ಬಾಗಿಲಲ್ಲೇ ಕೂತಿದ್ದಳು, ಎಲ್ಲ ಕೇಳಿಸಿಕೊಂಡಳು.

ಹುಡುಗರು ಕಟ್ಟಿದ್ದು ಬಸ್ಸಿನ ನಾಟಕ. ಕಣ್ಣು ಕಾಣದ ಶಿವಣ್ಣ ಕಂಡಕ್ಟರು. ಒಬ್ಬೊಬ್ಬರನ್ನೇ ಮುಟ್ಟಿ ಎಲ್ಲಿಗೆಂದು ಕೇಳುತ್ತಾನೆ, ಒಬ್ಬೊಬ್ಬರೂ ಒಂದು ಊರು ಹೇಳುತ್ತಾರೆ. ದೇವಿರಮ್ಮನದು ಕೊನೆಯ ಪಾಳಿ. ಕೊಳ್ಳೇಗಾಲ ಎನ್ನುತ್ತಿದ್ದವಳು, ಅಪ್ಪ ಬಂದುಹೋದ ಮಾರನೆಯ ದಿನ ಮಾತು ಬದಲಿಸಿದಳು. ‘ನಾನು ಇಲ್ಲೇ ಇರ್ತೀನಿ.’ ಅಭ್ಯಾಸದಲ್ಲಿ ನಾಲ್ಕು ಸಲ ಹೇಳಿದಳು, ನಾಲ್ಕು ಸಲವೂ ಪೂರ್ತಿ ಬಂತು.

ಶನಿವಾರ ಹಾಲ್ ಜನರಿಂದ ತುಂಬಿತ್ತು. ನಡುನಡುವೆ ಬಾರಿಸಲೆಂದು ಹಾರ್ಮೋನಿಯಂ ಹೊರಗೆ ಕೊಟ್ಟಿದ್ದರು. ನಾನು ಎಂದಿನಂತೆ ರಂಗದ ಮುಂದೆ ಕೂತೆ. ಕರಿಯಪ್ಪ ಮೊದಲ ಸಾಲಿನಲ್ಲೇ ಇದ್ದರು. ಶಿವಣ್ಣ ಬಂದು ದೇವಿರಮ್ಮನ ಭುಜ ಮುಟ್ಟಿದ.

"ಎಲ್ಲಿಗಮ್ಮ?"

"ನಾ..." ಎಂದಳು. ನಿಂತಿತು. ಕತ್ತು ಸೆಟೆಯಿತು, ಜೊಲ್ಲು ಇಳಿಯಿತು. ಹಿಂದೆ ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಕರಿಯಪ್ಪ ತಲೆ ತಗ್ಗಿಸಿಕೊಂಡರು. ಆ ತಗ್ಗಿದ ತಲೆ ನನ್ನನ್ನು ಕೆಡಿಸಿತು. ಅಯ್ಯೋ, ಈ ಮಗಳ ಮಾನ ಅಪ್ಪನ ಎದುರಿಗೇ ಹೋಗುತ್ತಿದೆಯಲ್ಲ! ಅಷ್ಟೇ ನನಗೆ ತೋಚಿದ್ದು. ಬೆರಳು ತಾನಾಗಿಯೇ ಶ್ರುತಿ ಒತ್ತಿತು, ಗಂಟಲು ತಾನಾಗಿಯೇ ಎತ್ತಿಕೊಟ್ಟಿತು.

"ನಾನು ಇಲ್ಲೇ ಇರ್ತೀನೀ..."

ಎಂಥಾ ಚಪ್ಪಾಳೆ! ನಾಟಕ ಮುಗಿಯಿತೆಂದು ಜನ ಎದ್ದು ನಿಂತು ತಟ್ಟಿದರು. ರಂಗಕ್ಕೆ ಅಂಟಿಕೊಂಡು ಕೂತಿದ್ದವನು ನಾನೊಬ್ಬನೇ. ಅವಳ ಬಾಯಿ ಇನ್ನೂ ಆಡುತ್ತಿತ್ತು. "ನು... ಇಲ್ಲೇ... ಇರ್..." ಆ ಗಲಾಟೆಯೊಳಗೆ ಅವಳು ಮಾತು ಮುಗಿಸಿದಳು, ಪೂರ್ತಿ ಮುಗಿಸಿದಳು. ಕೇಳಿಸಿದ್ದು ನನಗೊಬ್ಬನಿಗೇ.

"ಇನ್ನೊಂದು ಸಲ ಹೇಳಮ್ಮ," ಯೋಗಾನರಸಿಂಹರು ಬಗ್ಗಿ ಕೇಳಿದರು. ಅಷ್ಟು ಜನ ಸುತ್ತ ಮುತ್ತಿಕೊಂಡಿದ್ದರು. ಅವಳ ದವಡೆ ಕಚ್ಚಿಕೊಂಡಿತ್ತು, ಬಿಡಲೇ ಇಲ್ಲ. ಕನಕಲಕ್ಷ್ಮಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಳವಳ್ಳಿ ಬಸ್ಸು ಹೊರಟುಹೋಗುತ್ತದೆಂದು ಕರಿಯಪ್ಪ ಮಗಳ ಬಟ್ಟೆಯ ಗಂಟನ್ನು ಹೆಗಲಿಗೆ ಹಾಕಿಕೊಂಡರು.

ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ. "ಏಳುದ್ಲು ಕಣಪ್ಪಾ! ನಿನ್ ಮಗಳೇ ಏಳುದ್ಲು, ಆ ಚಪ್ಪಾಳೆ ಒಳ್ಗೆ. ಇರ್ತೀನಿ ಅಂದ್ಲು. ನಾನು ಕಿವಿಯಾರ ಕೇಳ್ದೆ. ಬುಟ್ಟೋಗಪ್ಪ, ನಿನ್ ಕಾಲಿಗ್ ಬೀಳ್ತೀನಿ."

ಅವರು ಕೈ ಬಿಡಿಸಿಕೊಂಡರು. ಕೋಪವೇನೂ ಇರಲಿಲ್ಲ. ಮಗಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬಾಗಿಲು ದಾಟುವಾಗ ಇಷ್ಟೇ ಹೇಳಿದರು.

"ಅವಳ ಮಾತ್ನೆಲ್ಲ ನೀವೇ ಆಡ್ತೀರಲ್ಲ ಮೇಷ್ಟ್ರೇ. ಇನ್ನಾದ್ರೂ ಸುಮ್ಕಿರಿ."