ಪಶ್ಚಿಮದ ಗೋಡೆಯ ಗಾಜು

ಗಾಜು ಕೂರಿಸುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಗಾಜನ್ನೂ ಹಿಂದುಮುಂದಾಗಿ ಕೂರಿಸಿದವನಲ್ಲ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆ ಬಾಯಿಗೆ ಈಗ ಬೀಗ ಬಿದ್ದಿದೆ.

ಅಕ್ಕನ ಮನೆಯ ಎದುರಿಗೆ, ರಸ್ತೆಯ ಆಚೆ, ಏಳಂತಸ್ತಿನ ಕಚೇರಿ ಎದ್ದಿತು, ಗಾಜಿನ ಕೆಲಸ ನನ್ನದೇ. ವಿದ್ಯುತ್ ಉಳಿಸುವ ಕಟ್ಟಡವಂತೆ. ಅದರ ಗಾಜಿನ ಒಂದು ಮೈಗೆ ತೆಳುವಾದ ಲೋಹದ ಲೇಪವಿರುತ್ತದೆ. ಅದು ಬಿಸಿಲನ್ನು ಬಂದ ದಾರಿಯಲ್ಲೇ ಅಟ್ಟುತ್ತದೆ, ಒಳಗೆ ಏಸಿ ಹೆಚ್ಚು ಓಡಬೇಕಾಗಿಲ್ಲ. ಲೇಪದ ಮೈ ಒಳಗಡೆಗಿರಬೇಕು. ಆಗ ಗಾಜಿನ ಗಾಢ ಬಣ್ಣವೇ ಒಂದಿಷ್ಟು ಝಳವನ್ನು ನುಂಗಿಕೊಳ್ಳುತ್ತದೆ. ಹೊರಗಡೆಗಾದರೆ ಪಕ್ಕಾ ಕನ್ನಡಿ.

ಯಾವ ಮೈ ಎಂದು ತಿಳಿಯುವುದು ಸುಲಭ. ಬೆರಳ ತುದಿ ಇಟ್ಟು ನೋಡಬೇಕು. ಬೆರಳಿಗೂ ಬಿಂಬಕ್ಕೂ ನಡುವೆ ಸಂದು ಕಂಡರೆ ಲೇಪ ಆಚೆ ಬದಿ. ಎರಡೂ ಒಂದಕ್ಕೊಂದು ತಾಗಿದರೆ ಈಚೆ ಬದಿ. ಪ್ರತಿ ಗಾಜಿಗೂ ಹೀಗೆ ನೋಡುವವನು ನಾನು. ಅಕ್ಕನ ಮನೆಗೆ ಎದುರಾದ ಪಶ್ಚಿಮದ ಗೋಡೆಗೆ ಮಾತ್ರ ನೋಡಲಿಲ್ಲ. ಅವಸರವಿತ್ತು. ಕಾರ್ಖಾನೆಯವರು ಯಾವಾಗಲೂ ಲೇಪದ ಮೈಗೇ ಅಂಟಿಸುವ ಚೀಟಿಯನ್ನು ನಂಬಿ, "ಚೀಟಿ ಒಳಗಡೆಗೆ ಬರ್ಲಿ, ಸಾಕು" ಎಂದೆ. ಆ ಸಲ ಬಂದ ಸರಕಿಗೆ ಚೀಟಿಯನ್ನು ಇನ್ನೊಂದು ಮೈಗೆ ಅಂಟಿಸಿದ್ದರು.

ಕೊನೆಯ ಗಾಜಿನ ಅಂಚನ್ನು ಹೊರಗಿನಿಂದ ಒರೆಸುವಾಗ ಅಕಸ್ಮಾತ್ ಬೆರಳು ತಾಗಿತು. ಸಂದಿರಲಿಲ್ಲ. ಇಡೀ ಗೋಡೆಯ ಲೇಪ ಹೊರಗಡೆಗಿತ್ತು. ಕೆಳಗೆ ನಿಂತಿದ್ದ ಎಂಜಿನಿಯರು ಕಣ್ಣಿಗೆ ಕೈ ಅಡ್ಡ ಹಿಡಿದು, "ಚೆನ್ನಾಗಿ ಹೊಳೀತಿದೆ ಮೇಸ್ತ್ರಿ" ಎಂದರು. ನಾನು ಹಲ್ಲು ಕಿರಿದೆ.

ಮೂರು ವರ್ಷದ ಹಿಂದೆ ಬೆನ್ನು ಮುರಿದುಕೊಂಡ ಭಾವ ಮಲಗುತ್ತಿದ್ದುದು ಅದೇ ರಸ್ತೆಯ ಕಡೆಗಿನ ಕಿಟಕಿಯ ಪಕ್ಕ. ಪೂರ್ವದ ಕಿಟಕಿ, ಮೊದಲೆಲ್ಲ ಮಧ್ಯಾಹ್ನವಾದರೆ ತಂಪಾಗಿರುತ್ತಿತ್ತು. ಯಾರ ಚಪ್ಪಲಿ ಸವೆದಿದೆ, ಯಾರ ಮಗು ಶಾಲೆಯಿಂದ ತಡವಾಗಿ ಬಂತು, ಎಲ್ಲ ಅವರಿಗೆ ಗೊತ್ತು. ಅವರಿಗೆ ಉಳಿದಿದ್ದ ಪ್ರಪಂಚ ಅಷ್ಟೇ.

"ಮಧ್ಯಾಹ್ನ ಎರಡರಿಂದ ಐದರವರೆಗೂ ಆ ಗಾಜಿನ ಬಿಸಿಲಿಗೆ ಬಾಣಲೇಲಿ ಇದ್ದ ಹಾಗಿರುತ್ತೆ ಕಣೋ," ಅಂದಳು ಅಕ್ಕ, ನಾನು ಮನೆಗೆ ಹೋದಾಗ. "ಪರದೆ ಹಾಕಿದ್ರೂ ಕಾವು ಬಿಡಲ್ಲ. ಬೆವರಿ ಬೆವರಿ ಇವರ ಬೆನ್ನಿನ ಹುಣ್ಣು ಮತ್ತೆ ಬಾಯಿ ಬಿಟ್ಟಿದೆ."

"ದಿನಕ್ಕೆ ಎರಡು ಸೂರ್ಯೋದಯ ನಂಗೆ," ಅಂದರು ಭಾವ. "ಓಡಾಡೋರಿಗೂ ಈ ಭಾಗ್ಯ ಇಲ್ಲ."

"ಹೊಸ ಗಾಜಲ್ವಾ, ಧೂಳು ಕೂತ್ರೆ ಕಮ್ಮಿ ಆಗುತ್ತೆ," ಎಂದೆ. ಇಂಥ ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ.

ಗೋಡೆಗುಂಟ ಇಳಿಬಿಟ್ಟಿದ್ದ ಅಟ್ಟಣಿಗೆಯನ್ನು ಬಿಚ್ಚಲು ಇನ್ನೂ ನಾಲ್ಕು ದಿನವಿತ್ತು. ಅದು ಇರುವ ತನಕ ಗಾಜು ತಿರುಗಿಸಬಹುದಿತ್ತು. ಆಮೇಲೆ ಯಾರಪ್ಪ ಬಂದರೂ ಆಗದು. ಹೇಳಿಬಿಡೋಣ ಎಂದು ಎಂಜಿನಿಯರ ಕೋಣೆಗೆ ಹೋದೆ. ಒಳಗೆ ತಣ್ಣಗಿತ್ತು. "ನಿಮ್ಮ ಕೆಲಸದ ಮೇಲೆ ಕಣ್ಣು ಮುಚ್ಚಿ ಸಹಿ ಹಾಕಬಹುದು ಮೇಸ್ತ್ರಿ. ಏನು ಬಂದ್ರಿ?" ಎಂದರು.

"ಅಂಟು ಖಾಲಿಯಾಗಿದೆ ಸಾರ್," ಎಂದು ವಾಪಸ್ ಬಂದೆ. ಹೇಡಿ ಎಂದರೆ ಹೇಡಿ. ಐದನೆಯ ದಿನ ಅಟ್ಟಣಿಗೆ ಲಾರಿ ಏರಿತು.

ಮುಂದಿನ ಭಾನುವಾರ ಅಕ್ಕ ನನ್ನನ್ನು ಕರೆಸಿದಳು. ಭಾವನ ಮಂಚವನ್ನು ಅಡುಗೆಮನೆಯ ಹಿಂದಿನ ಓಣಿಯಂಥ ಜಾಗಕ್ಕೆ ಸಾಗಿಸಬೇಕಿತ್ತು. ಅಲ್ಲಿ ಕಿಟಕಿಯಿಲ್ಲ, ಗೋಡೆ ಮಾತ್ರ.

"ಬೀದಿಯವರು ಅರ್ಜಿ ಬರೆದಿದ್ರು," ಅಂದಳು ಮಂಚದ ಮೇಲಿನ ಬಟ್ಟೆ ತೆಗೆಯುತ್ತ. "ಅಟ್ಟಣಿಗೆ ಬಿಚ್ಚೋಕೆ ಮುಂಚೆ ಆ ಗಾಜನ್ನ ಯಾರಾದ್ರೂ ಪರೀಕ್ಷೆ ಮಾಡ್ಲಿ ಅಂತ. ನಾನೇ ನಿಲ್ಲಿಸಿದೆ."

"ಯಾಕೆ?"

"ಕೂರಿಸಿರೋನು ನನ್ನ ತಮ್ಮ, ತಪ್ಪಿದ್ದಿದ್ರೆ ಅವನೇ ಬಿಚ್ಚಿ ಹಾಕ್ತಿದ್ದ ಅಂದೆ. ನನ್ನ ಮಾತಿಗೆ ಬೆಲೆ ಕೊಟ್ಟು ಹರಿದು ಹಾಕಿದ್ರು. ಹಿಡಿ, ತಲೆ ಕಡೆ ನೀನು ಹಿಡಿ."

ಹಿಡಿದೆ. ಬಾಗಿಲು ದಾಟುವ ತನಕ ಭಾವ ಕತ್ತನ್ನು ಬೀದಿಯ ಕಡೆಗೇ ತಿರುಗಿಸಿಕೊಂಡಿದ್ದರು. ಗೋಡೆ ಅಡ್ಡ ಬಂದ ಮೇಲೆ, "ಪರವಾಗಿಲ್ಲ, ತಣ್ಣಗಿದೆ," ಎಂದು ನನಗೆ ಸಮಾಧಾನ ಹೇಳಿದರು.